ಇನ್ನೊಬ್ಬರು ತಿದ್ದಿದ ಎಂಜಿಬಿ

ಬ್ರಿಟನ್ನಿನ ಹಳೇ ಕಾರುಗಳ ಮಾರುಕಟ್ಟೆಯಲ್ಲಿ ಒಂದು ಬಗೆಯ ಜಾಹೀರಾತು ವರ್ಷವಿಡೀ ಇದ್ದೇ ಇರುತ್ತದೆ. ಎಂಜಿಬಿ ಜಿಟಿ, 1972ರ ಮಾಡೆಲ್, ರೋವರ್ ವಿ8 ಎಂಜಿನ್ ಕೂರಿಸಿದೆ, ಐದು ಗೇರು, ಅಗಲದ ಚಕ್ರ, ತುಂಬಾ ಹಣ ಸುರಿದಿದ್ದೇನೆ, ಇನ್ನು ಸ್ವಲ್ಪ ಕೆಲಸ ಬಾಕಿ, ಜಾಗ ಇಲ್ಲದ ಕಾರಣ ಮಾರಾಟಕ್ಕಿದೆ. ಊರು, ಬಣ್ಣ, ಬೆಲೆ ಬದಲಾಗುತ್ತವೆ. ಒಕ್ಕಣೆ ಮಾತ್ರ ಅದೇ.

ತುಂಬಾ ಹಣ ಸುರಿದಿದ್ದೇನೆ ಎನ್ನುವುದು ಮಾರುವವನ ಸಂಕಟವೇ ಹೊರತು ಕಾರಿನ ಗುಣವಲ್ಲ. ಸ್ವಲ್ಪ ಕೆಲಸ ಬಾಕಿ ಎನ್ನುವುದನ್ನಂತೂ ನಂಬಲೇಬಾರದು. ನಿಜಕ್ಕೂ ಸ್ವಲ್ಪವೇ ಬಾಕಿ ಇದ್ದಿದ್ದರೆ ಪುಣ್ಯಾತ್ಮ ಮುಗಿಸಿಯೇ ಮಾರುತ್ತಿದ್ದ. ಮುಗಿದ ಕಾರಿಗೆ ಬೆಲೆ ಎಷ್ಟು ಏರುತ್ತದೆಂದು ಅವನಿಗೂ ಗೊತ್ತು.

ಇಂಗ್ಲೆಂಡಿನಲ್ಲಿ ನೆಲೆಸಿರುವ ದಾವಣಗೆರೆಯ ಗೆಳೆಯರೊಬ್ಬರು ಇಂಥದೇ ಕಾರಿನ ಒಂದಷ್ಟು ಚಿತ್ರಗಳನ್ನು ಕಳಿಸಿ ‘ತಗೊಂಡು ರೆಡಿ ಮಾಡಿಸಲಾ?’ ಎಂದು ಕೇಳಿದರು. ಚಿತ್ರಗಳಲ್ಲಿ ಮುಕ್ಕಾಲು ಪಾಲು ಎಂಜಿನ್‌ನವೇ. ಹೊಳೆಯುವ ವಾಲ್ವ್ ಕವರ್, ಹೊಳೆಯುವ ಪೈಪು. ಕಾರಿನ ಅಡಿಭಾಗದ ಚಿತ್ರ ಒಂದೂ ಇರಲಿಲ್ಲ. ನಾನು ಕೊಟ್ಟ ಉತ್ತರ ಇಷ್ಟೇ: ಎಂಜಿನ್ ಆಮೇಲೆ ನೋಡೋಣ, ಈ ಕಾರಿನ ಮೇಲೆ ಗರಗಸ ಎಲ್ಲೆಲ್ಲಿ ಆಡಿದೆ ಅಂತ ಮೊದಲು ಹುಡುಕಿ.

ಕಂಪನಿ ಕೊಟ್ಟಂತೆಯೇ ಉಳಿದ ಹಳೇ ಕಾರನ್ನು ಕೊಳ್ಳುವವರು ಅದರ ವಯಸ್ಸನ್ನಷ್ಟೇ ಕೊಳ್ಳುತ್ತಾರೆ. ತಿದ್ದಿದ ಕಾರಿನಲ್ಲಿ ವಯಸ್ಸಿನ ಜೊತೆಗೆ ಹಿಂದಿನ ಮಾಲೀಕ ತೆಗೆದುಕೊಂಡ ನಿರ್ಧಾರಗಳೂ ಬರುತ್ತವೆ. ಅವನು ಎಂಥ ಮನುಷ್ಯ, ಅಳತೆ ನೋಡಿ ಕತ್ತರಿಸುವವನೋ, ಕತ್ತರಿಸಿ ಆಮೇಲೆ ಅಳತೆ ನೋಡುವವನೋ ಎಂಬುದು ಕಾರಿನ ಯಾವ ಕಾಗದದಲ್ಲೂ ಇರುವುದಿಲ್ಲ. ಬೋಲ್ಟ್ ಹಾಕಿ ಕೂರಿಸಿದ್ದನ್ನು ಬಿಚ್ಚಬಹುದು. ಕತ್ತರಿಸಿದ ತಗಡನ್ನು ಮೊದಲಿನಂತೆ ಮಾಡಲು ಕಾರಿನ ಬೆಲೆಯಷ್ಟೇ ಕೂಲಿ ತೆರಬೇಕಾದೀತು.

ನಮ್ಮ ರಸ್ತೆಗಳಲ್ಲಿ ಈಗ ಎಂಜಿ ಎಂದರೆ ಹೆಕ್ಟರ್, ಕಾಮೆಟ್, ವಿಂಡ್ಸರ್. ಹೆಸರು ಚೀನಾದ ಎಸ್‌ಎಐಸಿ ಕಂಪನಿಯ ಕೈ ಸೇರಿ, ಗುಜರಾತಿನ ಹಾಲೋಲ್ ಕಾರ್ಖಾನೆಯಿಂದ 2019ರಲ್ಲಿ ನಮ್ಮ ಮಾರುಕಟ್ಟೆಗೆ ಬಂತು. ಮೂಲದಲ್ಲಿ ಅದು ಆಕ್ಸ್‌ಫರ್ಡಿನ ಮೋರಿಸ್ ಗ್ಯಾರೇಜಸ್. ಮೋರಿಸ್ ಕಾರುಗಳ ಮೇಲೆ ಹಗುರ ಬಾಡಿ ಕಟ್ಟಿ, ಚುರುಕು ಮಾಡಿ ಮಾರುವ ಯೋಚನೆ ಸೆಸಿಲ್ ಕಿಂಬರ್ ಎಂಬ ಮ್ಯಾನೇಜರನದು. ಹಾಗೆ ನೋಡಿದರೆ ಎಂಜಿ ಹುಟ್ಟಿದ್ದೇ ಇನ್ನೊಬ್ಬರ ಕಾರನ್ನು ತಿದ್ದುವ ಕೆಲಸದಿಂದ. ಅಬಿಂಗ್ಡನ್ ಎಂಬ ಪುಟ್ಟ ಪಟ್ಟಣದ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಆ ಕಂಪನಿಯ ಅತಿ ಜನಪ್ರಿಯ ಸ್ಪೋರ್ಟ್ಸ್ ಕಾರು. ತೆರೆದ ಮೇಲ್ಛಾವಣಿಯ ರೋಡ್‌ಸ್ಟರ್ ಮೊದಲು ಬಂತು. ಹಿಂಬಾಗಿಲಿರುವ, ಛಾವಣಿ ಮುಚ್ಚಿದ ಜಿಟಿ 1965ರಲ್ಲಿ. ಎಲ್ಲ ಸೇರಿ 5 ಲಕ್ಷಕ್ಕೂ ಮಿಕ್ಕಿ ಕಾರುಗಳು ಹೊರಬಿದ್ದವು, ಅವುಗಳಲ್ಲಿ ಹೆಚ್ಚಿನವು ಅಮೆರಿಕಕ್ಕೆ ಹಡಗೇರಿದವು.

ಈ 5 ಲಕ್ಷ ಎಂಬ ಸಂಖ್ಯೆ ನಮ್ಮ ಲೆಕ್ಕಾಚಾರಕ್ಕೆ ಬಹಳ ಮುಖ್ಯ. ಬೆರಳೆಣಿಕೆಯಷ್ಟು ಉಳಿದಿರುವ ಕಾರಾದರೆ ಎಷ್ಟೇ ತುಕ್ಕು ಹಿಡಿದಿದ್ದರೂ ಉಳಿಸಿಕೊಳ್ಳುವುದಕ್ಕೆ ಅರ್ಥವಿದೆ. ಎಂಜಿಬಿಗೆ ಆ ಅನಿವಾರ್ಯತೆ ಇಲ್ಲ. ಇದು ಸರಿಯಿಲ್ಲ ಅನ್ನಿಸಿದರೆ ಮುಂದಿನ ವಾರ ಇನ್ನೊಂದು ಸಿಗುತ್ತದೆ. ಬಿಡಿಭಾಗಗಳ ಕೊರತೆಯೂ ಇಲ್ಲ. ಬ್ರಿಟಿಷ್ ಮೋಟರ್ ಹೆರಿಟೇಜ್ ಎಂಬ ಸಂಸ್ಥೆ ಹಳೇ ಅಚ್ಚುಗಳನ್ನೇ ಹುಡುಕಿ ತಂದು 1988ರಿಂದ ಇಡೀ ಬಾಡಿ ಶೆಲ್ಲನ್ನೇ ಹೊಸದಾಗಿ ತಯಾರಿಸಿ ಕೊಡುತ್ತಿದೆ. ಇದರಿಂದಾಗಿ ‘ಸರಿ ಮಾಡಬಹುದೇ’ ಎಂಬ ಪ್ರಶ್ನೆಯೇ ಏಳುವುದಿಲ್ಲ. ಎಂಜಿಬಿಯಲ್ಲಿ ಎಲ್ಲವನ್ನೂ ಸರಿ ಮಾಡಬಹುದು. ಎಷ್ಟಕ್ಕೆ ಎಂಬುದಷ್ಟೇ ಪ್ರಶ್ನೆ.

ಈ ಕಾರನ್ನು ಜನ ಇಷ್ಟೊಂದು ತಿದ್ದಿದ್ದೇಕೆ? ಹದಿನೆಂಟು ವರ್ಷ ಒಂದೇ ಮಾಡೆಲ್ ಮಾರಿದರೂ ಕಂಪನಿ ಅದಕ್ಕೆ ಕೊಡಬೇಕಾದ ಶಕ್ತಿ ಕೊಡಲಿಲ್ಲ. 1798 ಸಿಸಿಯ ಬಿ-ಸೀರೀಸ್ ಎಂಜಿನ್ ಗಟ್ಟಿಮುಟ್ಟು, ಆದರೆ ಸಂಸಾರಸ್ಥರ ಸಾಮಾನ್ಯ ಕಾರುಗಳ ಮನೆತನದ್ದು. ಮೊದಲ ಕಾರುಗಳಲ್ಲಿ ಸುಮಾರು 95 ಅಶ್ವಶಕ್ತಿ. 1962ರಲ್ಲಿ ಅದು ಸಾಕಿತ್ತು, 1975ಕ್ಕೆ ಸಾಲಲಿಲ್ಲ. ಅಷ್ಟರಲ್ಲಿ ಅಮೆರಿಕದ ಸುರಕ್ಷತಾ ನಿಯಮ, ಹೊಗೆ ನಿಯಮ ಬಂದವು. ಅಲ್ಲಿನ ಬಂಪರ್ ನಿಯಮಕ್ಕೆ ಹೊಂದಿಸಲು 1974ರ ಕೊನೆಯಲ್ಲಿ ಕ್ರೋಮ್ ಬಂಪರ್ ತೆಗೆದು ದಪ್ಪನೆಯ ಕರಿ ರಬ್ಬರ್ ಬಂಪರ್ ಹಾಕಿದರು. ಹೆಡ್‌ಲೈಟಿನ ಎತ್ತರ ಸರಿಹೋಗಲೆಂದು ಇಡೀ ಕಾರನ್ನೇ ಮೇಲೆತ್ತಿದರು. ತಿರುವಿನಲ್ಲಿ ನೆಲಕ್ಕಂಟಿ ಓಡುತ್ತಿದ್ದ ಕಾರು ಓಲಾಡತೊಡಗಿತು. ಅಮೆರಿಕದ ಕಾರುಗಳಿಗೆ ಎರಡು ಎಸ್‌ಯು ಕಾರ್ಬುರೇಟರ್‌ಗಳ ಬದಲು ಒಂದೇ ಒಂದು ಜೆನಿತ್ ಸ್ಟ್ರಾಂಬರ್ಗ್ ಕೊಟ್ಟು ಉಸಿರನ್ನೇ ಕಟ್ಟಿಹಾಕಿದರು. ಕೊಂಡವರು ಸುಮ್ಮನಿರಲಿಲ್ಲ. ರಬ್ಬರ್ ಕಿತ್ತು ಕ್ರೋಮ್ ಹಾಕಿದರು, ಸ್ಪ್ರಿಂಗ್ ಬದಲಿಸಿ ಕಾರನ್ನು ಕೆಳಕ್ಕಿಳಿಸಿದರು, ಸ್ಟ್ರಾಂಬರ್ಗ್ ಬಿಸಾಡಿ ದೊಡ್ಡ ವೆಬರ್ ಕೂರಿಸಿದರು.

ಹಾಗಾಗಿ ತಿದ್ದಿದ ಎಂಜಿಬಿ ಎಂದ ತಕ್ಷಣ ಮೂಗು ಮುರಿಯುವವರ ಗುಂಪಿಗೆ ನಾನು ಸೇರಿದವನಲ್ಲ. ವಿ8 ಎಂಜಿನ್ನಿಗಂತೂ ಒಳ್ಳೆಯ ವಂಶಾವಳಿಯೇ ಇದೆ. ಅಮೆರಿಕದ ಬ್ಯೂಯಿಕ್ ಕಂಪನಿ 1961ರಲ್ಲಿ ತಂದ ಅಲ್ಯೂಮಿನಿಯಂ ವಿ8 ಅಲ್ಲಿ ಹೆಚ್ಚು ಕಾಲ ನಡೆಯಲಿಲ್ಲ. ಅದರ ಹಕ್ಕನ್ನು ಕೊಂಡ ರೋವರ್ ಅದನ್ನು 3528 ಸಿಸಿಯ ಎಂಜಿನ್ನಾಗಿ ಬ್ರಿಟನ್ನಿನಲ್ಲಿ ಬೆಳೆಸಿತು. ಇಡೀ ಎಂಜಿನ್ ಅಲ್ಯೂಮಿನಿಯಂ ಆದ್ದರಿಂದ ಎಂಜಿಬಿಯ ಎರಕದ ಕಬ್ಬಿಣದ ನಾಲ್ಕು ಸಿಲಿಂಡರ್ ಎಂಜಿನ್ನಿಗಿಂತ ಹೇಳಿಕೊಳ್ಳುವಷ್ಟು ಭಾರವಿಲ್ಲ. 1970ರ ದಶಕದ ಆರಂಭದಲ್ಲಿ ಕೆನ್ ಕಾಸ್ಟೆಲ್ಲೊ ಎಂಬಾತ ಈ ಎಂಜಿನ್ನನ್ನು ಎಂಜಿಬಿಗೆ ತುರುಕಿ ಮಾರತೊಡಗಿದ. ಅದನ್ನು ನೋಡಿ ಕಂಪನಿಗೂ ಆಸೆ ಹುಟ್ಟಿ 1973ರಿಂದ 1976ರವರೆಗೆ ತಾನೇ 137 ಅಶ್ವಶಕ್ತಿಯ ಎಂಜಿಬಿ ಜಿಟಿ ವಿ8 ತಯಾರಿಸಿತು. ಆದದ್ದು 2591 ಕಾರುಗಳು ಮಾತ್ರ. ಹೀಗೆ ಕಂಪನಿಯೇ ಗ್ಯಾರೇಜಿನವನನ್ನು ಅನುಸರಿಸಿದ ಕಾರಿದು. ಇಲ್ಲಿ ಶುದ್ಧಾಶುದ್ಧದ ಮಾತು ಅಷ್ಟು ಸುಲಭವಲ್ಲ.

ನನ್ನ ತಕರಾರು ಬೇರೆ ಕಡೆ. ಎಂಜಿನ್ ಬದಲಿಸುವ ಉತ್ಸಾಹ ಇದ್ದವರಲ್ಲಿ ಸಿಲ್ ಬದಲಿಸುವ ತಾಳ್ಮೆ ಇದ್ದವರು ಕಡಿಮೆ.

ಎಂಜಿಬಿಗೆ ಪ್ರತ್ಯೇಕ ಚಾಸಿ ಇಲ್ಲ. ಅದರ ಹಿಂದಿನ ಎಂಜಿಎಗೆ ಇತ್ತು; ಎಂಜಿಬಿಯಲ್ಲಿ ಬಾಡಿಯೇ ಚಾಸಿ. ಬಾಗಿಲಿನ ಕೆಳಗೆ, ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಸಾಗುವ ಪೆಟ್ಟಿಗೆಯಂಥ ತಗಡಿನ ತೊಲೆಗೆ ಸಿಲ್ ಎನ್ನುತ್ತಾರೆ. ಹೊರಗಿನಿಂದ ಕಾಣುವುದು ಒಂದು ಪದರ. ಅದರೊಳಗೆ ನಿಂತ ತಗಡು ಇನ್ನೊಂದು, ಅಡಿಯಲ್ಲಿ ಕ್ಯಾಸಲ್ ರೈಲ್ ಎಂದು ಕರೆಯುವ ಮೂರನೆಯದು. ಮೂರೂ ಸೇರಿ ಕಾರಿನ ಬೆನ್ನುಮೂಳೆ. ಮುಂದಿನ ಚಕ್ರ ಎರಚಿದ ಕೆಸರು ವಿಂಗಿನ, ಅಂದರೆ ಮಡ್‌ಗಾರ್ಡಿನ, ಹಿಂಬದಿಯಲ್ಲಿ ಸೇರಿಕೊಂಡು, ಇಂಗ್ಲೆಂಡಿನ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪಿನೊಂದಿಗೆ ಬೆರೆತು, ಈ ಪೆಟ್ಟಿಗೆಯನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ಗುಳ್ಳೆ ಎದ್ದು ಕಾಣುವಷ್ಟರಲ್ಲಿ ಒಳಗಿನ ತಗಡು ಜರಡಿಯಾಗಿರುತ್ತದೆ.

ಸರಿಯಾಗಿ ರಿಪೇರಿ ಮಾಡಬೇಕಾದರೆ ಮೂರೂ ಪದರ ಕತ್ತರಿಸಿ ತೆಗೆಯಬೇಕು. ಸಿಲ್‌ನ ಎರಡು ತುದಿಗಳೂ ಮುಂದಿನ ಮತ್ತು ಹಿಂದಿನ ವಿಂಗುಗಳ ಕೆಳಗೆ ನುಗ್ಗಿ ಹೋಗಿರುವುದರಿಂದ ವಿಂಗುಗಳ ತಳಭಾಗವನ್ನೂ ಬಿಡಿಸಬೇಕು. ಕತ್ತರಿಸುವ ಮೊದಲು ಬಾಗಿಲಿನ ಜಾಗಕ್ಕೆ ಕಬ್ಬಿಣದ ಪಟ್ಟಿ ಅಡ್ಡ ಕೊಡದಿದ್ದರೆ, ಮುಖ್ಯವಾಗಿ ರೋಡ್‌ಸ್ಟರ್ ಆದರೆ, ಕಾರು ನಡುವಿನಲ್ಲಿ ಕುಸಿದು ಮುಂದೆಂದೂ ಬಾಗಿಲು ಸರಿಯಾಗಿ ಕೂರದು. ಇಷ್ಟು ರಗಳೆ ಯಾರಿಗೆ ಬೇಕು ಎಂದವರು ಕೊಳೆತ ಸಿಲ್‌ನ ಮೇಲೆಯೇ ಹೊಸ ತಗಡಿನ ಮುಚ್ಚಿಗೆ ಇಟ್ಟು, ಕಾಣುವಷ್ಟು ಭಾಗಕ್ಕೆ ವೆಲ್ಡ್ ಹೊಡೆದು, ಪುಟ್ಟಿ ಮೆತ್ತಿ, ಬಣ್ಣ ಬಳಿಯುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬಂತೆ ಅದರ ಮೇಲೆ ವಿ8 ಎಂಜಿನ್ನು, ಅಗಲದ ಅಲಾಯ್ ಚಕ್ರ.

ಗೆಳೆಯರು ಕಾರು ನೋಡಲು ಹೋದಾಗ ವಿಡಿಯೊ ಕರೆಯಲ್ಲಿ ನಾನೂ ಜೊತೆಗಿದ್ದೆ. ಬಟ್ಟೆ ಸುತ್ತಿದ ಆಯಸ್ಕಾಂತವನ್ನು ಬಾಗಿಲಿನ ಕೆಳಗೆ ಎಳೆಯುತ್ತಾ ಹೋದರು. ನಡುವೆ ಗಟ್ಟಿಯಾಗಿ ಹಿಡಿಯಿತು, ಹಿಂದಿನ ಚಕ್ರದ ಮುಂದಿರುವ, ನಾಯಿಯ ಹಿಂಗಾಲಿನಂತೆ ಬಾಗಿದ ಮೂಲೆ ಬಂದಾಗ ಕೈಬಿಟ್ಟು ಕೆಳಗೆ ಬಿತ್ತು. ಅಲ್ಲಿ ತಗಡಿಗಿಂತ ಪುಟ್ಟಿಯೇ ಹೆಚ್ಚು. ಸಿಲ್ ನಡುವಿನ ಜಾಕ್ ಪಾಯಿಂಟಿಗೆ ಜಾಕ್ ಕೊಟ್ಟು ಒಂದು ಬದಿ ಎತ್ತಲು ಹೇಳಿದೆ. ಮಾರುವವರು ಮುಖ ಸಿಂಡರಿಸಿ ‘ಅಲ್ಲಿ ಬೇಡ, ಸಸ್ಪೆನ್ಷನ್ ಕೆಳಗೆ ಎತ್ತೋಣ’ ಎಂದರು. ಕಂಪನಿಯವರೇ ಜಾಕ್ ಕೊಡಲೆಂದು ಮಾಡಿದ ಜಾಗದಲ್ಲಿ ಜಾಕ್ ಕೊಡಬೇಡಿ ಎಂದ ಮೇಲೆ ಉಳಿದ ಪರೀಕ್ಷೆ ಹೆಚ್ಚೇನೂ ಬೇಕಿರಲಿಲ್ಲ. ಆದರೂ ಎತ್ತಿಸಿದೆವು. ಬಾಗಿಲಿನ ಹಿಂದಿನ ಸಂದು ಮೇಲೆ ಬೆರಳು ತೂರುವಷ್ಟು ಅಗಲ, ಕೆಳಗೆ ಬಣ್ಣಕ್ಕೆ ಬಣ್ಣ ತಾಗುವಷ್ಟು ಕಿರಿದಾಯಿತು. ಜಿಟಿಗೆ ಛಾವಣಿಯ ಆಸರೆ ಇರುವುದರಿಂದ ಅದು ತನ್ನ ದೌರ್ಬಲ್ಯವನ್ನು ರೋಡ್‌ಸ್ಟರ್‌ಗಿಂತ ಚೆನ್ನಾಗಿ ಮುಚ್ಚಿಡುತ್ತದೆ. ಜಿಟಿಯಲ್ಲೇ ಇಷ್ಟು ಕಂಡಿತೆಂದರೆ ಒಳಗೆ ಏನಿದೆ ಎಂದು ಊಹಿಸಬಹುದು.

ಇನ್ನು ಆ ವಿ8. 1974ರ ಕೊನೆಯ ನಂತರದ ರಬ್ಬರ್ ಬಂಪರ್ ಕಾರುಗಳ ಎಂಜಿನ್ ಕೋಣೆಯನ್ನು ಕಂಪನಿಯೇ ವಿ8ಗೂ ಹೊಂದುವಂತೆ ಮಾಡಿತ್ತು. ಒಳ ವಿಂಗು, ಮುಂದಿನ ಅಡ್ಡಪಟ್ಟಿ ಎಲ್ಲಕ್ಕೂ ಜಾಗ ಇದೆ. ನೋಡಲು ಚೆಂದವಲ್ಲವೆಂದು ಜನ ದೂರವಿಡುವ ಆ ಕಾರೇ ವಿ8 ಕೂರಿಸಲು ಹೇಳಿಮಾಡಿಸಿದ್ದು! ಎಲ್ಲರೂ ಬಯಸುವ ಕ್ರೋಮ್ ಬಂಪರ್ ಕಾರಿನಲ್ಲಿ ಎಕ್ಸಾಸ್ಟ್ ಪೈಪಿಗೆ ಜಾಗ ಇಲ್ಲ, ಸ್ಟಿಯರಿಂಗ್ ಶಾಫ್ಟ್ ಅಡ್ಡ ಬರುತ್ತದೆ. ಆದ್ದರಿಂದ ಒಳ ವಿಂಗನ್ನು ಕತ್ತರಿಸಿ ತೂತು ಮಾಡಬೇಕು ಅಥವಾ ಸುತ್ತಿಗೆಯಲ್ಲಿ ಬಡಿದು ಒಳಕ್ಕೆ ತಳ್ಳಬೇಕು. ಒಳ್ಳೆಯ ಕೆಲಸಗಾರ ಕತ್ತರಿಸಿದ ಅಂಚಿಗೆ ಹೊಸ ತಗಡಿನ ಕಟ್ಟು ಕೊಟ್ಟು ಬಲಪಡಿಸಿರುತ್ತಾನೆ. ಗೆಳೆಯರು ಟಾರ್ಚ್ ಬಿಟ್ಟು ತೋರಿಸಿದಾಗ ಕಂಡದ್ದು ಸುತ್ತಿಗೆಯ ಗುರುತುಗಳು. ಕೆಲವು ಕಡೆ ತಗಡು ಸೀಳಿತ್ತು.

ಎಂಜಿನ್ ಕೂತ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕಂಪನಿ ವಿ8 ಮಾಡುವಾಗ ಹಿಂದಿನ ಆ್ಯಕ್ಸಲ್‌ನ ಅನುಪಾತವನ್ನು 3.9ರಿಂದ 3.07ಕ್ಕೆ ಇಳಿಸಿತು, ಬ್ರೇಕ್ ಡಿಸ್ಕ್ ದಪ್ಪ ಮಾಡಿತು, ರೇಡಿಯೇಟರನ್ನು ಮುಂದಕ್ಕೆ ಸರಿಸಿ ಎರಡು ವಿದ್ಯುತ್ ಫ್ಯಾನ್ ಕೊಟ್ಟಿತು, ಬಾನೆಟ್ ಉಬ್ಬದಂತೆ ಕಾರ್ಬುರೇಟರ್‌ಗಳನ್ನು ಎಂಜಿನ್ನಿನ ಹಿಂದಕ್ಕೆ ತಳ್ಳಿತು. ಮನೆಯಲ್ಲಿ ಪರಿವರ್ತಿಸಿದ ಕಾರಿನಲ್ಲಿ ಇವುಗಳಲ್ಲಿ ಯಾವುದು ಆಗಿದೆ, ಯಾವುದು ಬಿಟ್ಟುಹೋಗಿದೆ ಎಂದು ಒಂದೊಂದಾಗಿ ಕೇಳಬೇಕು. ಆ್ಯಕ್ಸಲ್ ಹಳೆಯದೇ ಇದ್ದರೆ ಮೊದಲ ಗೇರು ಹಾಕಿ ಕ್ಲಚ್ ಬಿಡುವಷ್ಟರಲ್ಲಿ ಮುಗಿದಿರುತ್ತದೆ. ಐದು ಗೇರಿನ ಪೆಟ್ಟಿಗೆ ಇದ್ದರೆ ಹೆದ್ದಾರಿಯಲ್ಲಿ ಸ್ವಲ್ಪ ನೆಮ್ಮದಿ, ಅಷ್ಟೇ. ಬ್ರೇಕ್ ಹಳೆಯದೇ ಇದ್ದರೆ ನಾನಂತೂ ಆ ಕಾರಿನಲ್ಲಿ ಕೂರುವುದಿಲ್ಲ.

ತಿದ್ದಿದವನ ಸ್ವಭಾವ ಅರಿಯಲು ನನಗೆ ಗೊತ್ತಿರುವ ಅತಿ ಅಗ್ಗದ ಉಪಾಯವೆಂದರೆ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕುವುದು. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಲ್ಯೂಕಾಸ್ ಕಂಪನಿಯ ವೈರಿಂಗ್. ಅದಕ್ಕೊಂದು ಬಣ್ಣದ ಶಾಸ್ತ್ರವಿದೆ. ಕಂದು ವೈರಿನಲ್ಲಿ ಸದಾ ಕರೆಂಟು. ಬಿಳಿಯದಕ್ಕೆ ಇಗ್ನಿಷನ್ ತಿರುವಿದಾಗ, ಹಸಿರಿಗೆ ಅದೇ ಕರೆಂಟು ಫ್ಯೂಸ್ ದಾಟಿದ ಮೇಲೆ. ನೀಲಿ ಹೆಡ್‌ಲೈಟಿಗೆ, ಕಪ್ಪು ಅರ್ಥಿಂಗಿಗೆ. ಲ್ಯೂಕಾಸನ್ನು ಕತ್ತಲ ರಾಜಕುಮಾರ ಎಂದು ಗೇಲಿ ಮಾಡುವವರಿದ್ದಾರೆ. ನನ್ನ ಅನುಭವದಲ್ಲಿ ಲ್ಯೂಕಾಸ್ ಮಾಡಿದ ತಪ್ಪಿಗಿಂತ ಆಮೇಲೆ ಕೈಹಾಕಿದವರ ತಪ್ಪೇ ಹೆಚ್ಚು. ಮೂಲ ಬಣ್ಣದ ವೈರುಗಳ ನಡುವೆ ಒಂದೇ ಕೆಂಪು ಸುರುಳಿಯಿಂದ ಕತ್ತರಿಸಿದ ವೈರು ಎಲ್ಲ ಕಡೆ ಓಡಾಡಿದ್ದರೆ, ಪ್ಲಾಸ್ಟಿಕ್ಕಿನ ನೀಲಿ ಚಿಮುಟಗಳು ಜೋತಾಡುತ್ತಿದ್ದರೆ, ಅವನು ಕಾಣದ ಕಡೆ ಇನ್ನೇನು ಮಾಡಿದ್ದಾನೋ ಎಂದು ಹೆದರಬೇಕು. ಹೊಸ ಸರ್ಕ್ಯೂಟಿಗೆ ಪ್ರತ್ಯೇಕ ಫ್ಯೂಸ್, ರಿಲೇ ಕೊಟ್ಟು, ಚೀಟಿ ಅಂಟಿಸಿ, ಒಂದು ಹಾಳೆಯಲ್ಲಿ ನಕ್ಷೆ ಬರೆದಿಟ್ಟವನ ಕಾರನ್ನು ಹೆಚ್ಚು ಬೆಲೆಗೂ ಕೊಳ್ಳಬಹುದು. ಅಂಥವರು ಇದ್ದಾರೆ.

ಉಳಿದ ಬದಲಾವಣೆಗಳ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಲೆಕ್ಟ್ರಾನಿಕ್ ಇಗ್ನಿಷನ್, ಆಯಿಲ್ ಕೂಲರ್, ಸೀಸರಹಿತ ಪೆಟ್ರೋಲಿಗೆ ತಕ್ಕ ಗಟ್ಟಿ ವಾಲ್ವ್ ಸೀಟುಗಳು ಇದ್ದರೆ ಒಳ್ಳೆಯದೇ. ವೆಬರ್ ಕಾರ್ಬುರೇಟರ್ ಇದ್ದರೆ ಅದನ್ನು ತೆಗೆದು ಎರಡು ಎಸ್‌ಯು ಹಾಕಿಕೊಳ್ಳುವುದು ನನ್ನ ಆಯ್ಕೆ. ವೆಬರ್ ಸದ್ದು ಕೇಳಲು ಇಂಪು, ಆದರೆ ಸರಿಯಾದ ಜೆಟ್ ಹೊಂದಿಸದಿದ್ದರೆ ಪೆಟ್ರೋಲು ಕುಡಿಯುವುದೊಂದೇ ಅದರ ಕೆಲಸ. ಚಕ್ರಕ್ಕಾಗಿ ವಿಂಗಿನ ಕಮಾನು ಕತ್ತರಿಸಿ ಫೈಬರಿನ ಅಗಲ ಕಮಾನು ಅಂಟಿಸಿದ್ದರೆ ಮಾತ್ರ ಮತ್ತೆ ಗರಗಸದ ಲೆಕ್ಕಕ್ಕೆ ಬರಬೇಕು. ಅದರ ಅಂಚಿನಲ್ಲೇ ತುಕ್ಕು ಶುರುವಾಗುತ್ತದೆ.

ಬಾನೆಟ್ ಕೆಳಗಿನ ಸಂಖ್ಯೆಯ ಫಲಕವನ್ನು ಓದದೆ ಬರಬೇಡಿ. ನಾಲ್ಕು ಸಿಲಿಂಡರಿನ ರೋಡ್‌ಸ್ಟರ್ ಸಂಖ್ಯೆ ಜಿಎಚ್‌ಎನ್ ಎಂದೂ, ಜಿಟಿಯದು ಜಿಎಚ್‌ಡಿ ಎಂದೂ ಆರಂಭ. ಕಾರ್ಖಾನೆಯ ಅಸಲಿ ವಿ8 ಆದರೆ ಜಿಡಿ2ಡಿ1. ಬೆಲೆಯಲ್ಲಿ ದೊಡ್ಡ ಅಂತರವಿರುವುದರಿಂದ ಮನೆಯಲ್ಲಿ ಮಾಡಿದ್ದನ್ನು ಕಾರ್ಖಾನೆಯದೆಂದು ನಂಬಿಸಲು ನೋಡುವವರೂ ಇದ್ದಾರೆ. ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಂ ಕಾರ್ಖಾನೆಯ ಹಳೇ ಲೆಡ್ಜರುಗಳನ್ನು ಕಾಪಾಡಿಕೊಂಡಿದೆ. ಶುಲ್ಕ ಕಟ್ಟಿದರೆ ಕಾರು ಯಾವ ದಿನ ತಯಾರಾಯಿತು, ಯಾವ ಬಣ್ಣ, ಯಾವ ಎಂಜಿನ್ ಸಂಖ್ಯೆ, ಎಲ್ಲಿಗೆ ಕಳಿಸಿದರು ಎಂದು ಪ್ರಮಾಣಪತ್ರ ಕೊಡುತ್ತಾರೆ.

ಈಗ ಹಣ. ಬ್ರಿಟನ್ನಿನಲ್ಲಿ ಹತ್ತು-ಹದಿನೈದು ಸಾವಿರ ಪೌಂಡಿಗೆ ಹತ್ತಿ ಓಡಿಸಿಕೊಂಡು ಬರಬಹುದಾದ ನಾಲ್ಕು ಸಿಲಿಂಡರಿನ ಎಂಜಿಬಿ ಸಿಗುತ್ತದೆ. ಹಳೇ ಕಾರು ಬಲ್ಲ ಗ್ಯಾರೇಜಿನ ಕೂಲಿ ಗಂಟೆಗೆ 60 ಪೌಂಡ್ ಎಂದು ಕೈಹಿಡಿದೇ ಲೆಕ್ಕ ಹಾಕಿದರೂ, ಬಾಡಿ ಕೆಲಸಕ್ಕೆ, ಬಣ್ಣಕ್ಕೆ, ಬಿಚ್ಚಿ ಜೋಡಿಸುವುದಕ್ಕೆ ಒಟ್ಟು 400 ಗಂಟೆ ಹಿಡಿದರೆ ಕೂಲಿಯೇ 24,000 ಪೌಂಡ್. ಇದರಲ್ಲಿ ಒಂದು ನಟ್ಟಿನ ಬೆಲೆಯೂ ಸೇರಿಲ್ಲ. ಅಂದರೆ ಅರ್ಧಕ್ಕೆ ನಿಂತ ಕಾರನ್ನು ಪುಕ್ಕಟೆ ಕೊಟ್ಟರೂ ಕೂಲಿ ಕೊಟ್ಟು ಮಾಡಿಸುವವರಿಗೆ ನಷ್ಟವೇ. ಸ್ವಂತ ಕೈಯಿಂದ ವೆಲ್ಡಿಂಗ್ ಮಾಡಬಲ್ಲವರಿಗೆ, ಶೆಡ್ ಇರುವವರಿಗೆ, ಶನಿವಾರಗಳನ್ನು ಕೊಡಲು ಸಿದ್ಧರಿರುವವರಿಗೆ ಮಾತ್ರ ಈ ಲೆಕ್ಕ ಬೇರೆ. ಅವರಿಗೆ ಅದು ಖರ್ಚಲ್ಲ, ಹವ್ಯಾಸ. ನನ್ನ ಗೆಳೆಯರಿಗೆ ಸಾಫ್ಟ್‌ವೇರ್ ಕೆಲಸ, ಇಬ್ಬರು ಮಕ್ಕಳು, ಶೆಡ್ ಬದಲು ರಸ್ತೆಬದಿ ಪಾರ್ಕಿಂಗು.

ಇಷ್ಟಾದರೂ ತಿದ್ದಿದ ಕಾರೇ ಬೇಕೆಂದರೆ ಬೇರೆಯವರು ಪೂರ್ತಿ ಮುಗಿಸಿ, ನಾಲ್ಕಾರು ವರ್ಷ ಓಡಿಸಿ, ಬಿಲ್ಲುಗಳನ್ನೂ ವೆಲ್ಡಿಂಗ್ ಕಾಲದ ಫೋಟೊಗಳನ್ನೂ ಫೈಲಿನಲ್ಲಿಟ್ಟಿರುವ ಕಾರನ್ನು ಹುಡುಕಬೇಕು. ಅವರು ಹಾಕಿದ ಹಣದಲ್ಲಿ ಅರ್ಧವೂ ಬೆಲೆಯಾಗಿ ವಾಪಸು ಬರುವುದಿಲ್ಲ. ಆ ನಷ್ಟವನ್ನು ಅವರು ಆಗಲೇ ತಿಂದು ಮುಗಿಸಿರುತ್ತಾರೆ. ಅರ್ಧಕ್ಕೆ ನಿಂತ ಕಾರನ್ನು ಕೊಳ್ಳಲೇಬೇಕೆಂದರೆ ಬಿಡಿಬಿಡಿಯಾಗಿ ಬೆಲೆ ಕಟ್ಟಿ: ಎಂಜಿನ್ನಿಗೆ ಇಷ್ಟು, ಗೇರ್‌ಬಾಕ್ಸಿಗೆ ಇಷ್ಟು, ಚಕ್ರಕ್ಕೆ ಇಷ್ಟು, ಶೆಲ್ಲಿಗೆ ಸೊನ್ನೆ. ಗೆಳೆಯರು ಹಾಗೆಯೇ ಕೂಡಿಸಿ ಹೇಳಿದ ಮೊತ್ತ ಕೇಳಿ ಮಾರುವವರು ಮಾತು ಮುಂದುವರಿಸಲಿಲ್ಲ. ಅವರಿಗೆ ಬೇಸರವಾಗಿದ್ದು ಸಹಜ. ಶೆಲ್ಲಿಗೆ ಬೆಲೆ ಕಟ್ಟಲು ನಮಗೂ ಕಾರಣ ಸಿಗಲಿಲ್ಲ.

ಕಾನೂನಿನ ಮಾತೂ ಇದೆ. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ಇಲ್ಲ, 2018ರ ಮೇ ತಿಂಗಳಿನಿಂದ ಎಂಒಟಿ ಎಂಬ ವಾರ್ಷಿಕ ತಪಾಸಣೆಯೂ ಕಡ್ಡಾಯವಲ್ಲ. ಆದರೆ ಕಳೆದ 30 ವರ್ಷಗಳೊಳಗೆ ಗಣನೀಯವಾಗಿ ಮಾರ್ಪಡಿಸಿದ ಕಾರಿಗೆ ಈ ತಪಾಸಣೆಯ ರಿಯಾಯಿತಿ ಇಲ್ಲ. ಸಿಲಿಂಡರುಗಳ ಸಂಖ್ಯೆ ಬದಲಾದರೆ ಅನುಮಾನದ ಕಣ್ಣು ಬೀಳುತ್ತದೆ. ಆ ಮಾಡೆಲ್ ತಯಾರಾಗುತ್ತಿದ್ದ ಕಾಲದಲ್ಲೇ, ಅಥವಾ ತಯಾರಿಕೆ ನಿಂತ ಹತ್ತು ವರ್ಷಗಳೊಳಗೆ, ಅಂಥ ಬದಲಾವಣೆ ರೂಢಿಯಲ್ಲಿತ್ತು ಎಂದು ತೋರಿಸಿದರೆ ಬಿಡುತ್ತಾರೆ. ಎಂಜಿಬಿಯ ವಿ8ಗೆ ಕಾಸ್ಟೆಲ್ಲೊ ಮತ್ತು ಕಾರ್ಖಾನೆ ಎರಡೂ ಸಾಕ್ಷಿ. ವಾದ ಗೆಲ್ಲಬಹುದು. ಆದರೆ ಮನೆಯಲ್ಲಿ ಎಂಜಿನ್ ಬದಲಿಸಿದ ಕಾರನ್ನು ತಪಾಸಣೆಯಿಂದ ತಪ್ಪಿಸಲು ವಾದ ಮಾಡುವವರ ಬುದ್ಧಿ ನನಗೆ ಅರ್ಥವಾಗದು. ವರ್ಷಕ್ಕೊಮ್ಮೆ ಯಾರಾದರೂ ಕೆಳಗಿನಿಂದ ನೋಡಲಿ. ನೋಂದಣಿ ಪುಸ್ತಕದಲ್ಲಿ ಎಂಜಿನ್ ಗಾತ್ರ ಇನ್ನೂ 1798 ಎಂದೇ ಇದ್ದರೆ, ವಿಮೆಯವರಿಗೆ ವಿ8 ಬಗ್ಗೆ ಹೇಳಿಲ್ಲದಿದ್ದರೆ, ಅಪಘಾತವಾದ ದಿನ ಅದು ಗೊತ್ತಾಗುತ್ತದೆ.

ಇಂಥ ಕಾರನ್ನು ಬೆಂಗಳೂರಿಗೇ ತಂದುಬಿಡೋಣವೇ ಎಂದೂ ಗೆಳೆಯರು ಕೇಳಿದ್ದುಂಟು. ಮೊದಲು 1950ಕ್ಕಿಂತ ಹಿಂದಿನ ವಾಹನಗಳಿಗಷ್ಟೇ ಇದ್ದ ಆಮದಿನ ಬಾಗಿಲನ್ನು ಕೇಂದ್ರ ಸರ್ಕಾರ 2025ರಲ್ಲಿ 50 ವರ್ಷ ದಾಟಿದ ವಾಹನಗಳಿಗೂ ತೆರೆದಿದೆ. ಸುಂಕ ಮಾತ್ರ ಭಾರಿ. ಅದಕ್ಕೂ ಮುಂಚೆ, 2021ರ ಜುಲೈಯಲ್ಲಿ, ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮ ಬಂತು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಮಾನ್ಯತೆ, ಫಲಕದಲ್ಲಿ ರಾಜ್ಯದ ಅಕ್ಷರಗಳ ನಂತರ ವಿಎ. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು ಇಂಥ ಕೆಲಸಗಳಿಗಷ್ಟೇ ರಸ್ತೆಗಿಳಿಸಬಹುದು. ನಮಗೆ ಮುಖ್ಯವಾದ ಷರತ್ತು ಇನ್ನೊಂದು: ವಾಹನ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ ಶೆಲ್ ಅಥವಾ ಎಂಜಿನ್ ಮಾರ್ಪಡಿಸಿರಬಾರದು. ಸಾಮಾನ್ಯ ನೋಂದಣಿಯಲ್ಲೂ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವುದಕ್ಕೆ ಅಡ್ಡ ನಿಲ್ಲುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಇಂಗ್ಲೆಂಡಿನಲ್ಲಿ ವಿ8 ಕೂರಿಸಿದ 1972ರ ಕಾರು ಚರ್ಚೆಯ ವಸ್ತು. ಇಲ್ಲಿ ಅದು ಬಾಗಿಲಲ್ಲೇ ನಿಲ್ಲುವ ವಸ್ತು.

ಕಂಪನಿ ಕೊಟ್ಟ ನಾಲ್ಕು ಸಿಲಿಂಡರ್ ಎಂಜಿನ್ ಇರುವ ಕಾರಾದರೆ ಮಾತ್ರ ಇಲ್ಲೊಂದು ಅನುಕೂಲವಿದೆ. ಎಂಜಿಬಿಯ ಬಿ-ಸೀರೀಸ್ ನಮಗೆ ಅಪರಿಚಿತವಲ್ಲ. ಅದರ 1489 ಸಿಸಿ ರೂಪವೇ ದಶಕಗಟ್ಟಲೆ ಅಂಬಾಸಡರ್ ಕಾರನ್ನು ಎಳೆದದ್ದು. ಅದೇ 1489 ಸಿಸಿ ಎಂಜಿನ್ 1955ರಲ್ಲಿ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು. ಸ್ಟ್ರೋಕ್ ಎರಡರಲ್ಲೂ 88.9 ಮಿಲಿಮೀಟರ್. ಎಂಜಿಬಿಯಲ್ಲಿ ಸಿಲಿಂಡರಿನ ವ್ಯಾಸವನ್ನು 73ರಿಂದ 80 ಮಿಲಿಮೀಟರಿಗೆ ಹಿಗ್ಗಿಸಿದರು, 1964ರ ಕೊನೆಯಿಂದ ಕ್ರ್ಯಾಂಕಿಗೆ ಮೂರರ ಬದಲು ಐದು ಬೇರಿಂಗ್ ಕೊಟ್ಟರು. ಹಾಗಾಗಿ ಅಂಬಾಸಡರ್ ಪಿಸ್ಟನ್ನು ಇದಕ್ಕೆ ಬರುವುದಿಲ್ಲ. ಭಾಗಗಳು ಇಂಗ್ಲೆಂಡಿನಿಂದಲೇ ಬರಬೇಕು. ಆದರೆ ಕೆಲಸ ಬಲ್ಲ ಕೈ ಇಲ್ಲಿದೆ. ಎಂಟು ವಾಲ್ವ್‌ಗಳ ಟ್ಯಾಪೆಟ್ ಹೊಂದಿಸುವಾಗ ಒಂಬತ್ತರ ಲೆಕ್ಕ ಎಂಬುದೊಂದಿದೆ: ಎಂಟನೇ ವಾಲ್ವ್ ಪೂರ್ತಿ ತೆರೆದಾಗ ಒಂದನೆಯದನ್ನು, ಆರನೆಯದು ತೆರೆದಾಗ ಮೂರನೆಯದನ್ನು, ಹೀಗೆ ಎರಡರ ಮೊತ್ತ ಒಂಬತ್ತಾಗುವಂತೆ ಹೊಂದಿಸುತ್ತಾ ಹೋಗುವುದು. ಅಂಬಾಸಡರ್ ಕಾಲದ ಟ್ಯಾಕ್ಸಿ ಮೆಕ್ಯಾನಿಕ್ಕಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 15 ಥೌ, ಅಂದರೆ ಇಂಚಿನ ಸಾವಿರದಲ್ಲಿ 15 ಪಾಲು ದಪ್ಪದ, ಫೀಲರ್ ಗೇಜನ್ನು ತೂರಿಸಿ, ಅದು ಎಷ್ಟು ಬಿಗಿಯಾಗಿ ಜಾರಬೇಕೆಂದು ಬೆರಳಲ್ಲೇ ತಿಳಿದು, ನಟ್ ಬಿಗಿದು ಮುಂದಿನದಕ್ಕೆ ಹೋಗುತ್ತಾನೆ. ಎಂಜಿಬಿಯ ಕೈಪಿಡಿಯಲ್ಲೂ ಅದೇ 15 ಥೌ.